ಸಂಗವ್ವ ಮಸೆದ ಕತ್ತಿ

ಬೆಳಗಾವಿಯ ಟಿಳಕವಾಡಿಯಲ್ಲಿ ಬಸವಪ್ರಸಾದ ತನ್ನ ಹೊಸ ಸಲೂನ್ ತೆರೆದ ದಿನ ಅವನ ತಾಯಿ ಸಂಗವ್ವ ಕೊನೆಯ ಸಾಲಿನ ಕುರ್ಚಿಯಲ್ಲಿ ಕುಳಿತಿದ್ದಳು. ಅಲ್ಲಿ ಕೂರು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ, ಮುಂದೆ ಬಾ ಎಂದೂ ಯಾರೂ ಕರೆದಿರಲಿಲ್ಲ. ಮೊದಲ ಸಾಲಿನಲ್ಲಿ ಗಂಡ ಗುರುಪಾದಪ್ಪ ಇದ್ದ. ಹೆಗಲ ಮೇಲೆ ಶಾಲು, ಕೊರಳಲ್ಲಿ ಮಾಲೆ, ಹಣೆಯ ತುಂಬ ವಿಭೂತಿ. ತೊಡೆಯ ಮೇಲಿಟ್ಟುಕೊಂಡ ಎರಡೂ ಕೈಗಳು ಸಣ್ಣಗೆ ನಡುಗುತ್ತಿದ್ದವು. ಆ ನಡುಕ ಹೆಚ್ಚಾದ ಮೇಲೆಯೇ ಅವನು ಖಾನಾಪುರದ ಸ್ಟೇಷನ್ ರಸ್ತೆಯಲ್ಲಿದ್ದ ತನ್ನ ಕ್ಷೌರದಂಗಡಿಯ ಬಾಗಿಲು ಹಾಕಿದ್ದು.

ಬಸವಪ್ರಸಾದ ಮೈಕು ಹಿಡಿದು ಚೆನ್ನಾಗಿಯೇ ಮಾತಾಡಿದ. ಅಪ್ಪನ ಕೈ ಎಷ್ಟು ಹಗುರವೆಂದರೆ ಗಿರಾಕಿಗಳು ಗಡ್ಡ ಮಾಡಿಸಿಕೊಳ್ಳುತ್ತಲೇ ನಿದ್ದೆ ಹೋಗುತ್ತಿದ್ದರು ಎಂದ. ಲೋಂಡಾದಿಂದ ಜನ ರೈಲು ಹತ್ತಿ ಬರುತ್ತಿದ್ದರು ಎಂದ. ಅದೆಲ್ಲ ನಿಜವೇ ಆಗಿತ್ತು. ಕೊನೆಗೆ, ಅಪ್ಪ ದಿನಾ ಸಂಜೆ ಹಿತ್ತಲ ಬಾಗಿಲಲ್ಲಿ ಕೂತು ತಾವೇ ಕೈಯಾರೆ ಕತ್ತಿ ಮಸೆಯುತ್ತಿದ್ದರು, ಆ ಕಲ್ಲಿನ ಸಪ್ಪಳ ಕೇಳುತ್ತಲೇ ನಾನು ಬೆಳೆದೆ ಎಂದ. ಜನ ಚಪ್ಪಾಳೆ ತಟ್ಟಿದರು. ಗುರುಪಾದಪ್ಪ ತಲೆ ಬಾಗಿಸಿ ಕೈ ಮುಗಿದ.

ಸಂಗವ್ವನ ಕಿವಿ ಬಿಸಿಯಾಯಿತು. ಕತ್ತಿ ಮಸೆಯುತ್ತಿದ್ದವಳು ಅವಳು.

ಅವಳ ಅಪ್ಪನ ಕ್ಷೌರದಂಗಡಿ ಬೆಳಗಾವಿಯ ಕ್ಯಾಂಪ್ ಭಾಗದಲ್ಲಿತ್ತು. ಗಂಡುಮಕ್ಕಳಿಗೆ ಕಲ್ಲಿನ ಮುಂದೆ ಕೂರುವ ತಾಳ್ಮೆ ಇಲ್ಲವೆಂದು ಅವನು ಮಗಳಿಗೆ ಆ ಕೆಲಸ ಹೇಳಿಕೊಟ್ಟಿದ್ದ. ಮದುವೆಯಾದಾಗ ತನ್ನ ಹಳೆಯ ಪರದೇಶಿ ಕತ್ತಿಯನ್ನು, ಮೂರು ಸಾಣೆಕಲ್ಲುಗಳನ್ನು ಅವಳ ಕೈಗೇ ಕೊಟ್ಟ, ಅಳಿಯನ ಕೈಗಲ್ಲ. ಮಡಚುವ ಕತ್ತಿ ಅದು. ಬೆಣ್ಣೆ ಬಣ್ಣದ ಹಿಡಿ, ಬೆನ್ನಿನಿಂದ ಅಂಚಿನತ್ತ ತೆಳುವಾಗುತ್ತ ಹೋಗುವ ಅಲಗು, ಅಲಗಿನ ಬುಡದಲ್ಲಿ ಅರ್ಧ ಅಳಿಸಿದ ಇಂಗ್ಲಿಷ್ ಅಕ್ಷರಗಳು. ಗುರುಪಾದಪ್ಪನಿಗೆ ಗಿರಾಕಿಯ ಮುಖದ ಮೇಲೆ ಕೈ ಆಡಿಸುವುದು ಗೊತ್ತಿತ್ತು, ಮಸೆಯುವುದು ಗೊತ್ತಿರಲಿಲ್ಲ. ಒತ್ತಿ ಒತ್ತಿ ಅಂಚು ಕೆಡಿಸುತ್ತಿದ್ದ. ಮದುವೆಯಾದ ಹೊಸದರಲ್ಲೇ ಸಂಗವ್ವ ಅವನ ಕೈಯಿಂದ ಕಲ್ಲು ಇಸಿದುಕೊಂಡಳು. ಅಂದಿನಿಂದ ಅಂಗಡಿಯ ಕತ್ತಿಗಳೆಲ್ಲ ಹರಿತವಾಗುತ್ತಿದ್ದುದು ಅವಳ ಕೈಯಲ್ಲೇ, ಸಂಜೆ ಪಾತ್ರೆ ತೊಳೆದಾದ ಮೇಲೆ.

ಆ ಹೊತ್ತಿಗೆ ಯಾರಾದರೂ ಮನೆಗೆ ಬಂದರೆ ಗುರುಪಾದಪ್ಪ ಲಗುಬಗೆಯಿಂದ ಹಿತ್ತಲಿಗೆ ಬಂದು ಕಲ್ಲು, ಕತ್ತಿ ಎರಡನ್ನೂ ಅವಳಿಂದ ತೆಗೆದು ತನ್ನ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದ. ಅವಳು ಚಹಾ ಇಡಲು ಒಳಗೆ ಹೋಗುತ್ತಿದ್ದಳು. ಮೊದಮೊದಲು, ಬಂದವರ ಎದುರು ಹೆಂಡತಿ ನೆಲದ ಮೇಲೆ ಕೂತಿರಬಾರದು ಎಂಬ ಮರ್ಯಾದೆ ಇರಬೇಕು ಅಂದುಕೊಂಡಿದ್ದಳು. ಹಾಗಲ್ಲ ಎಂದು ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ಆದರೆ ಅಂಗಡಿ ನಡೆಯುತ್ತಿತ್ತು, ಮಕ್ಕಳು ಸಣ್ಣವರಿದ್ದರು. ಸುಮ್ಮನಾದಳು.

ಭಾಷಣ ಮುಗಿಸಿ ಬಸವಪ್ರಸಾದ ಗೋಡೆಗೆ ಹಚ್ಚಿದ್ದ ಗಾಜಿನ ಪೆಟ್ಟಿಗೆಯೊಂದರ ಪರದೆ ಸರಿಸಿದ. ಒಳಗೆ ಸಣ್ಣ ದೀಪದ ಕೆಳಗೆ ಕೆಂಪು ಮಖಮಲ್ಲಿನ ಮೇಲೆ ಆ ಪರದೇಶಿ ಕತ್ತಿ ಇತ್ತು. ಅದರಡಿಯಲ್ಲಿ ಗುರುಪಾದಪ್ಪನ ಹೆಸರಿನ ಹಿತ್ತಾಳೆ ಪಟ್ಟಿ. ಆ ಕತ್ತಿ ಮನೆಯ ಟ್ರಂಕಿನಲ್ಲಿ, ಎಣ್ಣೆ ಬಟ್ಟೆಯಲ್ಲಿ ಸುತ್ತಿ ಇಟ್ಟಲ್ಲೇ ಇದೆ ಎಂದು ಸಂಗವ್ವ ತಿಳಿದಿದ್ದಳು. ಅವಳು ಎದ್ದು ಜನರ ನಡುವೆ ದಾರಿ ಮಾಡಿಕೊಂಡು ಪೆಟ್ಟಿಗೆಯ ಹತ್ತಿರ ಹೋದಳು.

ದೂರದಿಂದ ಕತ್ತಿ ಹೊಸ ತಟ್ಟೆಯಂತೆ ಹೊಳೆಯುತ್ತಿತ್ತು. ಹತ್ತಿರದಿಂದ ನೋಡಿದರೆ ಅಲಗಿನ ತುದಿ ಸುಟ್ಟು ನೀಲಿಗಟ್ಟಿತ್ತು. ಅಂಚಿನಲ್ಲಿ ಎರಡು ಕಡೆ ಅಕ್ಕಿನುಚ್ಚಿನಷ್ಟು ಚೂರು ಹಾರಿತ್ತು. ಹಿಡಿ ಉದ್ದಕ್ಕೂ ಸೀಳಿತ್ತು, ಸೀಳಿನಲ್ಲಿ ತುಂಬಿದ ಅಂಟು ಹಳದಿಯಾಗಿ ಹೊರಗೆ ಇಣುಕುತ್ತಿತ್ತು. ಬುಡದ ಅಕ್ಷರಗಳು ಇರಲೇ ಇಲ್ಲ.

ಇದನ್ನು ಯಾರು ಮಾಡಿದರು ಎಂದು ಕೇಳಿದಳು. ಬಸವಪ್ರಸಾದ ದನಿ ತಗ್ಗಿಸಿ ಹೇಳಿದ. ಅಂಗಡಿಗೆ ಪೀಠೋಪಕರಣ ಮಾಡಿಕೊಟ್ಟವನ ಹತ್ತಿರ ಉಜ್ಜುವ ಚಕ್ರದ ಮಷಿನ್ ಇತ್ತಂತೆ. ಹೊಳಪು ಕೊಡಲು ಅವನ ಕೈಗೆ ಕೊಟ್ಟಿದ್ದನಂತೆ. ಚಕ್ರ ಕತ್ತಿಯನ್ನು ಕಿತ್ತು ನೆಲಕ್ಕೆ ಎಸೆಯಿತಂತೆ. ಗಾಜಿನೊಳಗೆ ಯಾರಿಗೂ ಕಾಣುವುದಿಲ್ಲ ಎಂದು ಹಾಗೇ ಇಟ್ಟಿದ್ದ.

“ತೋರಸಾಕಷ್ಟ ಇಟ್ಟದ್ದು ಅದು, ಯವ್ವಾ. ಈಗ ಯಾರ ಅದರಲೇ ದಾಡಿ ಮಾಡತಾರ?” ಎಂದ. ಬಾ, ಊಟಕ್ಕೆ ನಡಿ ಎಂದು ಅವಳ ತೋಳು ಹಿಡಿದ.

ಸಂಗವ್ವ ಕೈ ಬಿಡಿಸಿಕೊಂಡು ತನ್ನ ಕುರ್ಚಿಗೆ ಹೋಗಿ ಕೂತಳು. ಜನ ಊಟಕ್ಕೆ ಮೇಲಿನ ಮಹಡಿಗೆ ಹತ್ತುವವರೆಗೂ ಕೂತಳು. ಆಮೇಲೆ ಪೆಟ್ಟಿಗೆಯ ಗಾಜು ಸರಿಸಿ, ಕತ್ತಿ ತೆಗೆದು, ಅಲ್ಲೇ ಮಡಚಿಟ್ಟಿದ್ದ ಹೊಸ ಟಾವೆಲ್ಲಿನಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡಳು. ಗುರುಪಾದಪ್ಪ ಮಹಡಿ ಹತ್ತಲಾರದೆ ಕೆಳಗೇ ಉಳಿದಿದ್ದ, ಎಲ್ಲವನ್ನೂ ನೋಡಿದ. ನಾನು ದೇಸೂರಿಗೆ ಮಗಳ ಮನೆಗೆ ಹೋಗುತ್ತೇನೆ, ನೀವು ಮಗನ ಹತ್ತಿರ ಇರಿ ಎಂದು ಅವಳು ಹೇಳಿದಳು. ಅವನು ಚೀಲ ನೋಡಿದ, ಅವಳ ಮುಖ ನೋಡಲಿಲ್ಲ. ಏನು ಒಯ್ಯುತ್ತಿದ್ದೀ ಎಂದು ಕೇಳಿದ್ದರೆ ಅವಳು ಅಲ್ಲೇ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದಳೇನೋ. ಅವನು ಕೇಳಲಿಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ಉರಿಯಿತು.

ದೇಸೂರಿನಲ್ಲಿ ಮಗಳು ಸಪ್ನಾ ಗಂಡನೊಂದಿಗೆ ಇದ್ದಳು. ಪಕ್ಕದ ಮಚ್ಛೆ ಊರಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಕಬ್ಬಿಣದ ಬಿಡಿಭಾಗಗಳನ್ನು ಚಕ್ರಕ್ಕೆ ಹಿಡಿದು ಗ್ರೈಂಡಿಂಗ್ ಮಾಡುವುದು ಅವಳ ಕೆಲಸ. ಸಂಗವ್ವ ಚಪ್ಪಲಿ ಬಿಡುವ ಮೊದಲೇ ಮಾತು ಶುರು ಮಾಡಿದಳು. ಭಾಷಣದಲ್ಲಿ ಏನಂದ, ಪೆಟ್ಟಿಗೆಯಲ್ಲಿ ಏನಿತ್ತು, ನಿಮ್ಮಪ್ಪ ಹೇಗೆ ಕೈ ಮುಗಿದ, ಎಲ್ಲ ಒಂದೇ ಉಸಿರಿಗೆ ಹೇಳಿದಳು. ಸಪ್ನಾ ಕತ್ತಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು.

“ನೀ ಒಮ್ಮೆರ ಬಾಯಿ ಬಿಟ್ಟ ಹೇಳಿದ್ದೇನು, ನಾ ಮಸೀತೇನಿ ಅಂತ?” ಎಂದಳು.

ಯಾರಿಗೆ ಹೇಳಲಿ, ಯಾರು ಕೇಳುತ್ತಿದ್ದರು ಎಂದು ಸಂಗವ್ವ ಸಿಡುಕಿದಳು.

“ನಾ ಕೇಳತಿದ್ದೆ. ಸಣ್ಣಾಕಿ ಇದ್ದಾಗ ನನಗೂ ಕಲಸಬೇ ಅಂತ ನಿನ್ನ ಬೆನ್ನ ಹತ್ತಿದ್ದೆ. ಹೆಣ್ಣುಮಕ್ಕಳ ಕೆಲಸ ಅಲ್ಲ ಇದು, ನಡಿ ಒಳಗ ಅಂದಿ. ನೆನಪೈತೇನು?”

ಸಂಗವ್ವನಿಗೆ ನೆನಪಿತ್ತು. ಆ ಸಂಜೆ ತಾಯಿ ಮಗಳು ಒಂದೇ ತಟ್ಟೆಯ ಎದುರು ಕೂತು ರೊಟ್ಟಿ ತಿಂದರು. ಊಟ ಮುಗಿದ ಮೇಲೆ ಸಪ್ನಾ ತಾನಾಗಿಯೇ ಕತ್ತಿಯ ಮಾತು ತೆಗೆದಳು. ನೀಲಿಗಟ್ಟಿದ ಉಕ್ಕು ಸತ್ತಂತೆಯೇ, ಎಷ್ಟು ಮಸೆದರೂ ಅಲ್ಲಿ ಅಂಚು ನಿಲ್ಲುವುದಿಲ್ಲ, ಆ ತುದಿಯನ್ನು ತೆಗೆದುಹಾಕಬೇಕು ಎಂದಳು. ಸಂಗವ್ವನೂ ಅದನ್ನೇ ಯೋಚಿಸಿದ್ದಳು. ಹೌದು ಎನ್ನಲು ಮನಸ್ಸು ಬರದೆ ಕೂತಿದ್ದಳು.

ಮರುದಿನ ಮೇಸ್ತ್ರಿಯ ಒಪ್ಪಿಗೆ ಪಡೆದು ಸಪ್ನಾ ಊಟದ ಬಿಡುವಿನಲ್ಲಿ ತಾಯಿಯನ್ನು ತನ್ನ ಮಷಿನ್ ಹತ್ತಿರ ನಿಲ್ಲಿಸಿಕೊಂಡಳು. ಒಡೆದ ಹಿಡಿಯನ್ನು ಕಳಚಿ ಪಕ್ಕಕ್ಕಿಟ್ಟರು. ಸಪ್ನಾ ನುಣುಪು ಚಕ್ರಕ್ಕೆ ಅಲಗಿನ ತುದಿ ತಾಗಿಸುವುದು, ತಕ್ಷಣ ನೀರಿಗೆ ಅದ್ದುವುದು, ಮತ್ತೆ ತಾಗಿಸುವುದು. ಸಂಗವ್ವ ಅಲಗಿನ ಮೇಲೆ ಬರಿ ಬೆರಳು ಇಟ್ಟುಕೊಂಡು ನಿಂತಳು. ಕೊಂಚ ಬೆಚ್ಚಗಾದರೂ ಸಾಕು, “ನೀರು” ಎನ್ನುತ್ತಿದ್ದಳು. ಒಂದು ಸಲ ಸಪ್ನಾ ಇನ್ನೊಂದಿಷ್ಟು ತಡೆ ಎಂದಾಗ, ಮಗಳ ಕೈಯನ್ನೇ ಹಿಡಿದು ನೀರಿಗೆ ಅದ್ದಿದಳು. ನಿನ್ನ ಅಣ್ಣ ಕೆಡಿಸಿದ್ದು ಸಾಕು, ನೀನೂ ಕೆಡಿಸಬೇಡ ಎಂದಳು. ಸಪ್ನಾ ಹಲ್ಲು ಕಚ್ಚಿದಳು, ಆದರೆ ಮುಂದೆ ನೀರು ಎಂದ ಕೂಡಲೇ ಅದ್ದಿದಳು. ನೀಲಿ ಭಾಗವೆಲ್ಲ ಹೋಗಿ, ಅಂಚಿನ ಗಾಯಗಳು ಮಾಯವಾಗುವಷ್ಟು ಅಲಗು ಸವೆದಾಗ ಕತ್ತಿ ಮೊದಲಿಗಿಂತ ಗಿಡ್ಡವಾಗಿತ್ತು, ಸಣ್ಣದಾಗಿತ್ತು, ತುದಿ ದುಂಡಗಾಗಿತ್ತು. ಹೊಸ ಹಿಡಿಗೆ ಸಪ್ನಾ ಕಾರ್ಖಾನೆಯ ರದ್ದಿಯಲ್ಲಿದ್ದ ಕಂದು ಫೈಬರ್ ಹಾಳೆಯ ತುಂಡು ಕೊಯ್ದು, ಹಿತ್ತಾಳೆ ತಂತಿ ಬಡಿದು ಕೂರಿಸಿದಳು. ಚಂದವೇನೂ ಕಾಣಲಿಲ್ಲ. ಆದರೆ ಹಿಡಿದರೆ ಗಟ್ಟಿಯಿತ್ತು.

ಸಂಗವ್ವ ಖಾನಾಪುರಕ್ಕೆ ಮರಳಿದಳು. ಗುರುಪಾದಪ್ಪನನ್ನು ಮಗ ಆಗಲೇ ತಂದು ಬಿಟ್ಟು ಹೋಗಿದ್ದ. ಅವಳು ಗಂಡನಿಗೆ ಊಟಕ್ಕೆ ಬಡಿಸಿದಳು, ಮಾತ್ರೆ ಕೊಟ್ಟಳು, ಬೇರೆ ಮಾತಾಡಲಿಲ್ಲ. ಸಂಜೆ ಹಿತ್ತಲ ಬಾಗಿಲಲ್ಲಿ ಅಪ್ಪನ ಕಲ್ಲುಗಳನ್ನು ನೀರಲ್ಲಿ ನೆನೆಸಿ ಕೂತಳು.

ಹಳೆಯ ಅಂಚು ಉಳಿಸಿಕೊಳ್ಳುವುದಲ್ಲ ಇದು, ಹೊಸದಾಗಿ ಅಂಚು ಹುಟ್ಟಿಸುವುದು. ಮೊದಲು ಒರಟು ಕಲ್ಲು. ಬೆನ್ನು, ಅಂಚು ಎರಡೂ ಕಲ್ಲಿಗೆ ತಾಗುವಂತೆ ಅಲಗನ್ನು ಮಲಗಿಸಿ, ಅಂಚು ಮುಂದಾಗಿ ಎಳೆದು, ಬೆನ್ನಿನ ಮೇಲೆ ಹೊರಳಿಸಿ ಮತ್ತೆ ಎಳೆಯಬೇಕು. ಅವಳ ತಲೆಯಲ್ಲಿ ಮಗನ ಭಾಷಣ ಓಡುತ್ತಿತ್ತು. ಕೈ ಒತ್ತಿತು. ಅಂಚು ಒಂದು ಕಡೆ ಹೊರಳಿ ಗರಗರ ಅಂದಿತು. ಅಷ್ಟೂ ಹೊತ್ತಿನ ಕೆಲಸ ಹಾಳು. ಮರುದಿನ ಮತ್ತೆ ಮೊದಲಿನಿಂದ ಶುರು ಮಾಡಿದಳು. ಚಪ್ಪಾಳೆಯ ನೆನಪು ಬಂದು ಮತ್ತೆ ಒತ್ತಿತು, ಮತ್ತೆ ಕೆಟ್ಟಿತು. ಅವಳು ಕಲ್ಲನ್ನು ಎತ್ತಿ ಗೋಡೆಗೆ ಒಗೆಯಬೇಕೆಂದಿದ್ದಳು. ಒಗೆಯಲಿಲ್ಲ. ಎದ್ದು ಹೋಗಿ ತಣ್ಣೀರಲ್ಲಿ ಮುಖ ತೊಳೆದು ಬಂದು, ಅಲಗಿನ ಭಾರವಷ್ಟೇ ಕಲ್ಲಿನ ಮೇಲೆ ಬೀಳುವ ಹಾಗೆ ಕೈ ಸಡಿಲ ಬಿಟ್ಟಳು. ಕಲ್ಲಿನ ಮೇಲೆ ಇದ್ದಷ್ಟು ಹೊತ್ತು ಸಿಟ್ಟು ಪಕ್ಕದಲ್ಲಿ ಕೂತಿರುತ್ತಿತ್ತು. ಎದ್ದ ಕೂಡಲೇ ಜೊತೆಗೆ ಏಳುತ್ತಿತ್ತು. ಒರಟು ಕಲ್ಲು ಮುಗಿದು ನಡುವಿನ ಕಲ್ಲು, ಆಮೇಲೆ ನುಣುಪು ಕಲ್ಲು, ಅದು ಮುಗಿದು ತೊಗಲಿನ ಪಟ್ಟಿ. ಒಂದು ಸಂಜೆ ಮುಂಗೈಯ ಕೂದಲಿಗೆ ಅಂಚು ತಾಗಿಸಿದಳು. ಕೂದಲು ಸದ್ದಿಲ್ಲದೆ ಉದುರಿತು.

ಗುರುಪಾದಪ್ಪ ಒಳಗೆ ಕೂತು ದಿನವೂ ಆ ಸಪ್ಪಳ ಕೇಳುತ್ತಿದ್ದ. ಒಮ್ಮೆಯೂ ಹಿತ್ತಲಿಗೆ ಬರಲಿಲ್ಲ.

ಅದೇ ವಾರ ಬಸವಪ್ರಸಾದ ಬಂದ. ಪಡಸಾಲೆಯಲ್ಲಿ ಗುರುಪಾದಪ್ಪನ ಜೊತೆ ಮೈಲಾರಲಿಂಗ ಕೂತಿದ್ದ. ಪಕ್ಕದ ಹಳ್ಳಿಯ ಕುರುಬ ಅವನು. ಪ್ರಾಯದಿಂದಲೂ ಗುರುಪಾದಪ್ಪನ ಗಿರಾಕಿ, ಅಂಗಡಿ ಮುಚ್ಚಿದ ಮೇಲೂ ಸಂತೆಗೆ ಬಂದಾಗ ಮಾತಾಡಿಸಿ ಹೋಗುತ್ತಿದ್ದ, ಸಂಗವ್ವನನ್ನು ಅತ್ತಿಗೆಯಂತೆ ವೈನಿ ಎನ್ನುತ್ತಿದ್ದ. ಸಂಗವ್ವ ಚಹಾ ತಂದು ಇಟ್ಟಳು. ಬಸವಪ್ರಸಾದ ಚಹಾ ಮುಟ್ಟದೆ ಕತ್ತಿ ಕೇಳಿದ.

“ಯವ್ವಾ, ವಸ್ತರಾ ಕೊಡು. ನಾಳೆ ಪೇಪರಿನವರು ಫೋಟೊ ತೆಗಿಯಾಕ ಬರಾತಾರ.”

“ಯಾರದು ವಸ್ತರಾ?”

“ಅಪ್ಪಂದು. ಮತ್ತ್ ಯಾರದು?”

ಸಂಗವ್ವ ಗಂಡನ ಕಡೆ ತಿರುಗಿದಳು. “ನಿಮ್ಮದೇನ್ರಿ?”

ಗುರುಪಾದಪ್ಪ ಮೈಲಾರಲಿಂಗನನ್ನು ಒಮ್ಮೆ ನೋಡಿದ. “ನಂದ. ಕೊಡು, ಅಂವಗ ಬೇಕಾಗೇತಿ” ಎಂದ.

ಅವಳು ಒಳಗೆ ಹೋದಳು. ಕತ್ತಿ ತರಲು ಹೋದಳೆಂದೇ ಮೂವರೂ ತಿಳಿದರು. ಅವಳು ಕತ್ತಿಯನ್ನೂ ತಂದಳು, ನೀರು ಸೋರುತ್ತಿದ್ದ ಮೂರು ಕಲ್ಲುಗಳನ್ನೂ ತಂದಳು. ಗಂಡನ ಕಾಲ ಬಳಿ ಸಾಲಾಗಿ ಇಟ್ಟು ಎದುರು ಕೂತಳು.

“ನಿಮ್ಮದಾದರ ಹೇಳ್ರಿ. ಮೊದಲ ಯಾವ ಕಲ್ಲ, ಆಮ್ಯಾಲ ಯಾವ ಕಲ್ಲ?”

“ನನ್ನ ಕೈ ನಡಗತಾವ. ನಿನಗ ಗೊತ್ತಿಲ್ಲೇನು?”

“ಕೈ ಕೇಳಿಲ್ಲ ನಾ. ಬಾಯಿಲೇ ಹೇಳ್ರಿ. ನೀವು ಹೇಳಿಧಾಂಗ ನಾ ಮಸೀತೇನಿ.”

ಗುರುಪಾದಪ್ಪ ಕಲ್ಲುಗಳನ್ನು ನೋಡುತ್ತ ಕೂತ. ಅವನ ಬೆರಳು ಒಂದರ ಕಡೆ ಹೊರಟು ನಡುವೆ ನಿಂತಿತು. ಕೊನೆಗೆ ಕೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡ.

ಮೈಲಾರಲಿಂಗನಿಗೆ ಇರುಸುಮುರುಸಾಯಿತು. “ಹೋಗಲಿ ಬಿಡ್ರಿ ವೈನಿ. ಗಂಡ ಹೆಂಡತಿ ಅಂದ ಮ್ಯಾಲ ಯಾರ ಮಸದರೇನು, ಇಬ್ಬರದೂ ಒಂದ ಕೈ ಅಲ್ಲೇನು?” ಎಂದ.

“ಒಂದ ಕೈ ಆಗಿದ್ದರ ಶಾಲು ಒಬ್ಬರ ಹೆಗಲ ಮ್ಯಾಲ ಯಾಕ ಬಿತ್ತು, ಮೈಲಾರಿ?”

ಅವನು ಚಹಾದ ಬಟ್ಟಲನ್ನು ನೋಡತೊಡಗಿದ. ಬಸವಪ್ರಸಾದ, ಇದೆಲ್ಲ ಮನೆಯೊಳಗಿನ ಮಾತು, ಹೊರಗಿನವರ ಎದುರು ಯಾಕೆ ಎಂದು ತಾಯಿಯನ್ನು ಗದರಿಸಲು ಹೋದ. ಅಪ್ಪ ಕಲ್ಲು ಹಿಡಿದು ಕೂತದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ ಎಂದ.

“ನೀ ನನ್ನ ತೊಡಿ ಮ್ಯಾಲ ತಲಿ ಇಟ್ಟ ಮಲಗತಿದ್ದಿ. ಕಲ್ಲಿನ ನೀರ ಸಿಡದ ಕಿವ್ಯಾಗ ಬಿತ್ತಂದ್ರ ಎದ್ದ ಅಳತಿದ್ದಿ. ಅಪ್ಪನ ತೊಡಿ ಆಗಿತ್ತೇನದು?”

ಬಸವಪ್ರಸಾದನ ಮುಖ ಕೆಂಪಾಯಿತು. ತಾಯಿ ಮಸೆಯುತ್ತಿದ್ದಳು ಎಂದು ಅಷ್ಟು ಜನರ ಮುಂದೆ ಹೇಳಲು ಒಂಥರಾ ಅನಿಸಿತು, ಅಪ್ಪನ ಹೆಸರು ಸಣ್ಣದಾದೀತು ಅನಿಸಿತು ಎಂದ. ಅಂದರೆ ಅವನಿಗೆ ಮರೆತಿರಲಿಲ್ಲ. ಮರೆತು ಹಾಗೆ ಮಾತಾಡಿದನೆಂದು ಇಷ್ಟು ದಿನ ತಿಳಿದಿದ್ದ ಸಂಗವ್ವನಿಗೆ, ನೆನಪಿಟ್ಟುಕೊಂಡೇ ಆಡಿದ್ದನೆಂದು ಈಗ ಗೊತ್ತಾಯಿತು.

ಆಗ ಗುರುಪಾದಪ್ಪ ಮಾತಾಡಿದ. “ನಾ ಹೇಳಿದ್ದರ ಗಿರಾಕಿ ನಿಲ್ತಿದ್ದಿಲ್ಲ. ಹೆಣ್ಣುಮಗಳು ಮಸದ ವಸ್ತರಾ ಅಂದ್ರ ಆವಾಗ ಯಾರ ಕೊರಳ ಕೊಡತಿದ್ದರು?”

“ಈಗ ಗಿರಾಕಿ ಇಲ್ಲಲ್ಲ. ಈಗ ಹೇಳ್ರಿ.”

ಹೊರಗೆ ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಹಾಕುತ್ತ ಹೋಯಿತು. ಗುರುಪಾದಪ್ಪ ತೊಡೆಯ ಕೆಳಗಿಂದ ಕೈ ತೆಗೆದ. ಹೆಂಡತಿಯನ್ನು ನೋಡದೆ, ಮಗನನ್ನೂ ನೋಡದೆ ಮೈಲಾರಲಿಂಗನಿಗೆ ಹೇಳಿದ.

“ಆಕಿನ ಮಸೀತಿದ್ದಳು, ಮೈಲಾರಿ. ಮೊದಲಿನಿಂದ ಆಕಿನ. ವಸ್ತರಾನೂ ಆಕಿ ತವರಮನಿದು.”

ಈ ಮಾತು ಕೇಳಿದರೆ ಎದೆಯ ಮೇಲಿನ ಭಾರ ಇಳಿದೀತು ಎಂದು ಸಂಗವ್ವ ಅಂದುಕೊಂಡಿದ್ದಳು. ಹಾಗೇನೂ ಆಗಲಿಲ್ಲ. ಇಷ್ಟೇ ಇಷ್ಟು ಮಾತು, ಇದನ್ನು ಹೇಳಲು ಇವನಿಗೆ ಇಡೀ ಜೀವಮಾನ ಬೇಕಾಯಿತಲ್ಲ ಎಂದು ಅವಳ ಸಿಟ್ಟು ಮತ್ತೊಂದು ಸುತ್ತು ಏರಿತು. ಅವಳು ಎದ್ದು ಬಿಸಿನೀರು, ಸಾಬೂನು, ಬ್ರಶ್ ತಂದಳು. ಗಂಡನ ಕೊರಳಿಗೆ ಟಾವೆಲ್ ಕಟ್ಟಿದಳು. ಮಗ ಬಂದಾಗಲಷ್ಟೇ ಮಾಡಿಸಿಕೊಳ್ಳುತ್ತಿದ್ದ ಗಡ್ಡ ಬೆಳ್ಳಗೆ ಬೆಳೆದಿತ್ತು.

“ಯವ್ವಾ, ಏನ ಮಾಡಾತಿ? ನಿನಗ ದಾಡಿ ಮಾಡಾಕ ಎಲ್ಲಿ ಬರ್ತೈತಿ?” ಎಂದು ಬಸವಪ್ರಸಾದ ಮುಂದೆ ಬಂದ. ಅವಳು ಅವನತ್ತ ನೋಡಲಿಲ್ಲ. ಗುರುಪಾದಪ್ಪನೇ ಮಗನಿಗೆ ಪಕ್ಕಕ್ಕೆ ಸರಿ ಎಂದು ಸನ್ನೆ ಮಾಡಿ, ತಲೆಯನ್ನು ಗೋಡೆಗೆ ಆನಿಸಿ ಕಣ್ಣು ಮುಚ್ಚಿದ.

ಸಂಗವ್ವ ಅದುವರೆಗೆ ಯಾರ ಮುಖದ ಮೇಲೂ ಕತ್ತಿ ಇಟ್ಟವಳಲ್ಲ. ಅಲಗು ಅವನ ಕೆನ್ನೆಗೆ ತಾಗಿದಾಗ ಅವನ ಗಂಟಲ ಗಂಟು ಮೇಲೆ ಕೆಳಗೆ ಆಡಿದ್ದನ್ನು ಕಂಡಳು. ಹೆದರಿದ್ದಾನೆ ಎಂದು ತಿಳಿಯಿತು. ಹೆದರಲಿ ಅನಿಸಿತು. ಮೊದಲ ಎಳೆತ ಸರಾಗ ಬಂತು. ಎರಡನೆಯದು ಕಿವಿಯ ಕೆಳಗೆ ಚರ್ಮ ಕಚ್ಚಿತು, ನೊರೆಯಲ್ಲಿ ಕೆಂಪು ಬಿಂದು ಮೂಡಿತು. ಬಸವಪ್ರಸಾದ ಉಸಿರು ಎಳೆದುಕೊಂಡ.

“ಚರ್ಮ ಸಡಲ ಐತಿ ಅಲ್ಲೆ” ಎಂದ ಗುರುಪಾದಪ್ಪ, ಕಣ್ಣು ತೆರೆಯದೆ. “ಎಡಗೈಲೇ ಮ್ಯಾಲ ಎಳಕೋ. ಅಲಗ ಇನ್ನಷ್ಟ ಮಲಗಸು.”

ಅವನು ಹೇಳಿದಂತೆ ಮಾಡಲು ಅವಳಿಗೆ ಇಷ್ಟವಿರಲಿಲ್ಲ. ಆದರೆ ಹೇಳಿದ್ದು ಸರಿಯಿತ್ತು. ಎಳೆದು ಹಿಡಿದಳು, ಅಲಗು ಮಲಗಿಸಿದಳು. ಕತ್ತಿ ಗದ್ದದ ತಿರುವು ದಾಟಿ ಕೊರಳಿಗೆ ಇಳಿಯಿತು. ಅಲ್ಲಿ ಕೂದಲು ಉಲ್ಟಾ ಇದೆ ಎಂದು ಅವನು ಎಚ್ಚರಿಸಿದ. ಗೊತ್ತಾಯಿತು, ಸುಮ್ಮನೆ ಇರಿ ಎಂದಳು. ಅರ್ಧ ಮುಖ ಮುಗಿಯುವ ಹೊತ್ತಿಗೆ ಅವನ ಹೆಗಲು ಸಡಿಲಾಗಿತ್ತು.

“ಬಾಯಿ ಛಲೋ ಬಂದೈತಿ” ಎಂದ. ಕತ್ತಿಯ ಅಂಚಿನ ಮಾತು. ಹಿಂದೆ ಎಂದೂ ಅವಳಿಗೆ ಅಂದಿರದ ಮಾತು.

“ಯಾವಾಗ ಕೆಟ್ಟಿತ್ತು?” ಎಂದಳು ಸಂಗವ್ವ.

ಬಸವಪ್ರಸಾದ ಕತ್ತಿ ಕೇಳದೆ ಹೊರಟ. ಬಾಗಿಲ ಹತ್ತಿರ ನಿಂತು ಹೋಗಿ ಬರುತ್ತೇನೆ ಎಂದ. ತಾಯಿ ಕಲ್ಲುಗಳನ್ನು ಒರೆಸುವುದರಲ್ಲಿದ್ದಳು, ತಲೆ ಎತ್ತಲಿಲ್ಲ. ಪೇಪರಿನಲ್ಲಿ ಏನು ಬಂತೆಂದು ಅವಳು ಕೇಳಲೂ ಇಲ್ಲ. ಮುಂದೆ ಅವನು ಫೋನು ಮಾಡಿದಾಗ ಮಾತಾಡಿದಳು, ಊಟವಾಯಿತೇ ಎಂದು ವಿಚಾರಿಸಿದಳು. ಆದರೆ ಟಿಳಕವಾಡಿಯ ಅಂಗಡಿಗೆ ಮತ್ತೆ ಕಾಲಿಡಲಿಲ್ಲ. ಸಿಟ್ಟು ಇಳಿಯಿತೇ ಎಂದು ಸಪ್ನಾ ಕೇಳಿದರೆ, ಇಲ್ಲ ಎನ್ನುತ್ತಾಳೆ. ಸಪ್ನಾ ರಜೆಯ ದಿನ ಬಂದು ಹಿತ್ತಲಲ್ಲಿ ತಾಯಿಯ ಬಾಜು ಕೂತು ಕಲ್ಲಿನ ಮೇಲೆ ಕೈ ಪಳಗಿಸುತ್ತಾಳೆ. ಇಬ್ಬರೂ ಜಗಳವಾಡುತ್ತಲೇ ಇರುತ್ತಾರೆ.

ಮಳೆ ನಿಂತ ಮೇಲೆ ಒಂದು ದಿನ ಮೈಲಾರಲಿಂಗ ಬಂದ. ಕಂಬಳಿಯಲ್ಲಿ ಕುರಿಯ ಉಣ್ಣೆ ಕತ್ತರಿಸುವ ಎರಡು ದೊಡ್ಡ ಕತ್ತರಿ ಸುತ್ತಿ ತಂದಿದ್ದ. ಪಡಸಾಲೆಯಲ್ಲಿ ಗುರುಪಾದಪ್ಪ ಕೂತಿದ್ದರೂ ಅವನನ್ನು ದಾಟಿ ಅಡುಗೆಮನೆಯ ಬಾಗಿಲವರೆಗೆ ಬಂದು ನಿಂತ.

“ವೈನಿ, ಇವು ಮೊಂಡ ಆಗ್ಯಾವ. ನಿಮ್ಮ ಕೈಲೆ ಆಗತೈತೇನು ನೋಡ್ರಿ.”

ಸಂಗವ್ವ ಸೆರಗಿಗೆ ಕೈ ಒರೆಸಿಕೊಂಡು ಕತ್ತರಿಯನ್ನು ತೆರೆದು, ಮುಚ್ಚಿ, ಅಲಗಿನ ಮೇಲೆ ಹೆಬ್ಬೆರಳು ಅಡ್ಡ ಎಳೆದು ನೋಡಿದಳು. ಇವನ್ನು ಯಾವ ಕಲ್ಲಿಗೆ ತಿಕ್ಕಿದ್ದೀ, ಮನೆಯ ಮೆಟ್ಟಿಲಿಗೇನು ಎಂದು ಬೈದಳು. ನಾಳೆ ಸಂತೆಗೆ ಬಂದಾಗ ಒಯ್ಯಿ ಎಂದಳು.

“ನಾಳೆ ಬಾ ಅಂತ, ಮೈಲಾರಿ” ಎಂದ ಗುರುಪಾದಪ್ಪ ಪಡಸಾಲೆಯಿಂದ.

“ನಾ ಆಗಲೇ ಹೇಳೇನಲ್ಲರಿ” ಎಂದಳು ಸಂಗವ್ವ.